‘ಶರಣಾಗಿ’ ಗುಂಡಿ ಒತ್ತಿರಿ

ಪೇಪರಿನಲ್ಲಿ ನೀವೂ ನೋಡಿರುತ್ತೀರಿ. ಕಾಸರಗೋಡಿನ ಆ ಕಚೇರಿಯ ವೆಬ್‌ಸೈಟಿಗೆ ಕೊನೆಗೂ ಕನ್ನಡ ಬಂತು. ಯಾವ ಕಚೇರಿ ಎಂದು ಹೇಳುವುದಿಲ್ಲ, ನಾಳೆ ನನಗೂ ಅಲ್ಲಿಂದ ಒಂದು ಸರ್ಟಿಫಿಕೇಟು ಬೇಕಾಗಬಹುದು. ಉದ್ಘಾಟನೆಯ ಫೋಟೊದಲ್ಲಿ ಒಂದು ಮೌಸಿನ ಮೇಲೆ ಏಳು ಕೈ. ಅಡಿಯಲ್ಲಿ ಒಂದು ಸಾಲು: ಪೂರ್ತಿ ಸ್ವತಂತ್ರ ತಂತ್ರಾಂಶ, ಖರ್ಚು ಸೊನ್ನೆ.

ನೆರೆಮನೆಯ ಅಕ್ಕನಿಗೆ ಅರ್ಜಿ ಹಾಕಲಿಕ್ಕಿತ್ತು. ನನ್ನ ಲ್ಯಾಪ್‌ಟಾಪಿನ ಎದುರು ಕೂತರು. ಕನ್ನಡ ಒತ್ತಿದೆ. ಮೇಲೆ ‘ಮನೆ’ ಎಂದಿತ್ತು. ಪಕ್ಕದಲ್ಲಿ ‘ಬೆನ್ನು’. ಹೋಮ್ ಮತ್ತು ಬ್ಯಾಕ್ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ತುಂಬಿಸಿ ಕೆಳಗೆ ಬಂದರೆ, ಸಬ್ಮಿಟ್ ಇರಬೇಕಾದ ಜಾಗದಲ್ಲಿ ಹಸಿರು ಗುಂಡಿ: ‘ಶರಣಾಗಿ’.

ಬೆರಳು ನಿಂತಿತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇವತ್ತಿನವರೆಗೆ ಇಲ್ಲಿನ ಕನ್ನಡಿಗರಿಗೆ ಇಷ್ಟು ಬಿಚ್ಚುಮನಸ್ಸಿನಿಂದ ಯಾರೂ ಹೇಳಿರಲಿಲ್ಲ.

ಶರಣಾದೆ. ‘ಸರ್ವರ್ ಬಿಸಿ’ ಎಂದು ಬಂತು. ಅಕ್ಕ ಸೆರಗು ಸರಿ ಮಾಡಿಕೊಂಡು ಕೂತರು. “ಬಿಸಿ ಆದರೆ ಆರಲಿ ಮಾಷ್ಟ್ರೇ, ನನಗೇನೂ ಅರ್ಜೆಂಟಿಲ್ಲ.”

ಸ್ವತಂತ್ರ ತಂತ್ರಾಂಶದವರು, ಅಂದರೆ ಫ್ರೀ ಸಾಫ್ಟ್‌ವೇರಿನವರು, ನಾಲ್ಕು ಸ್ವಾತಂತ್ರ್ಯ ಹೇಳುತ್ತಾರೆ. ಬೇಕಾದ ಹಾಗೆ ಓಡಿಸುವುದು, ಒಳಗೆ ನೋಡಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ್ದನ್ನು ಊರಿಗೆ ಕೊಡುವುದು. ಕಂಪ್ಯೂಟರಿನವರಲ್ವಾ, ಎಣಿಕೆ ಸೊನ್ನೆಯಿಂದ ಶುರು. ಓಡಿಸುವುದು ಸೊನ್ನೆ, ಕೊನೆಯದು ಮೂರು. ನಮ್ಮ ಕಚೇರಿ ಸೊನ್ನೆಯಲ್ಲೇ ಚಾಪೆ ಹಾಸಿ ಮಲಗಿದೆ. ಇಂಥ ತಂತ್ರಾಂಶಕ್ಕೆ ಹಾಕುವ ಜಿಪಿಎಲ್ ಲೈಸೆನ್ಸಿನಲ್ಲಿ ಕ್ಯಾಪಿಟಲ್ ಅಕ್ಷರದ ಇನ್ನೊಂದು ಮಾತುಂಟು: ಯಾವ ವಾರಂಟಿಯೂ ಇಲ್ಲ. ಅದನ್ನು ಮಾತ್ರ ಅಕ್ಷರ ಬಿಡದೆ ಪಾಲಿಸುತ್ತಾರೆ.

ಇಂಗ್ಲಿಷಿನವರ ಕಷ್ಟ ಅರ್ಥವಾಗುತ್ತದೆ. ಅವರಿಗೆ ‘ಫ್ರೀ’ ಎಂಬ ಒಂದೇ ಶಬ್ದ. ಬಿಟ್ಟಿಗೂ ಅದೇ, ಸ್ವತಂತ್ರಕ್ಕೂ ಅದೇ. ಪಾಪ, ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ‘ನಾನು ಹೇಳುವ ಫ್ರೀ ಬಿಯರಿನ ಫ್ರೀ ಅಲ್ಲ, ಮಾತಿನ ಫ್ರೀ’ ಎಂದು ಊರೂರು ತಿರುಗಿ ಹೇಳಬೇಕಾಯಿತು. ನಮ್ಮಲ್ಲಿ ಎರಡು ಶಬ್ದ ಬೇರೆ ಬೇರೆ ಉಂಟು. ಆದರೂ ನಾವು ಆರಿಸಿದ್ದು ಪುಕ್ಕಟೆಯನ್ನೇ. ಪುಕ್ಕಟೆ ಸಿಕ್ಕಿದರೆ ನನಗೊಂದು, ನನ್ನಪ್ಪನಿಗೊಂದು.

ಇರಲಿ. ತಪ್ಪು ಹುಡುಕುವುದು ಸುಲಭ, ತಿದ್ದಿಕೊಡೋಣ ಎಂದುಕೊಂಡೆ. ಅನುವಾದದ ಫೈಲು ಎಂದರೆ ಬ್ರಹ್ಮವಿದ್ಯೆ ಅಲ್ಲ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡ ಸಾಲು, ಅಷ್ಟೇ. ರಾತ್ರಿ ಊಟ ಮುಗಿಸಿ ಇಂಥ ಫೈಲುಗಳನ್ನು ಕೆದಕುವುದು ನನ್ನ ಹಳೇ ಚಟ. ‘ಬೆನ್ನು’ ಹೋಗಿ ‘ಹಿಂದಕ್ಕೆ’ ಆಗಲಿಕ್ಕೆ ಎರಡು ನಿಮಿಷ ಸಾಕು. ಕಚೇರಿಗೆ ಹೋಗಿ ಹೇಳಿದೆ. “ಲೆಟರ್ ಕೊಡಿ ಮಾಷೇ” ಎಂದರು. ಕೊಟ್ಟೆ. ವಾರದ ಮೇಲೆ ಉತ್ತರ ಬಂತು, ‘ನುಡಿ’ ಎಂಬ ಹಳೇ ಫಾಂಟಿನಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟಿಲ್ಲ. ತೆರೆದರೆ ಕಿರೀಟ ಇಟ್ಟ ಇಂಗ್ಲಿಷ್ ಅಕ್ಷರಗಳು, ‘ನ’ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ಕನ್ನಡ ಎಂದು ಬರೆದರೂ ನಟ್ಟನಡುವೆ ಪೌಂಡು! ಯಾವ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ಥರ ಕಾಣಲಿ ಎಂದು ಮಾಡಿದ ಯೂನಿಕೋಡ್ ಎಂಬ ಪಟ್ಟಿಯಲ್ಲಿ, 1991ರ ಮೊದಲ ಆವೃತ್ತಿಯಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕಚೇರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ, ಬಸ್ಸು ತಡವಾಗಿರಬೇಕು.

ತಡ ಎಂದಾಗ ನೆನಪಾಯಿತು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರಿಗೆ, ದೂರದ ಕಂಪ್ಯೂಟರಿನೊಳಗೆ ಹೋಗುವ ದಾರಿಯಾದ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯಿತು. ಬರೇ ಅರ್ಧ ಸೆಕೆಂಡು. ಆ ಮನುಷ್ಯ ಬಿಡಲಿಲ್ಲ, ಕೆದಕುತ್ತಾ ಹೋದರು. ಎಕ್ಸ್‌ಝಡ್ ಎಂಬ ಸಣ್ಣ ಕಂಪ್ರೆಷನ್ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಸಿಕ್ಕಿತು. ಅವರು ಸುಮ್ಮನಿದ್ದರೆ ಲೋಕದ ಎಷ್ಟೋ ಸರ್ವರುಗಳಿಗೆ ಕನ್ನ ಬೀಳುತ್ತಿತ್ತು. ನಮ್ಮ ಕಚೇರಿಯ ಸರ್ವರು ಮಲಗಿ ನಾಲ್ಕು ದಿನವಾದರೂ ಅಲ್ಲಿ ಯಾರ ಹುಬ್ಬೂ ಅಲುಗುವುದಿಲ್ಲ. ಕಳ್ಳ ಬಂದರೂ ‘ಸರ್ವರ್ ಬಿಸಿ’ ನೋಡಿ ವಾಪಸು ಹೋದಾನು. ಇಂಥ ಭದ್ರತೆ ಯಾರಿಗುಂಟು!

ಆ ಕಥೆಯಲ್ಲಿ ನನ್ನನ್ನು ಕಾಡುವುದು ಕಳ್ಳ ಅಲ್ಲ, ಮನೆಯ ಯಜಮಾನ. ಎಕ್ಸ್‌ಝಡ್ಡನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ, ಸಂಬಳವಿಲ್ಲದೆ. ದಣಿದಿದ್ದರು. ಅದನ್ನು ಬರೆದೂ ಹೇಳಿದ್ದರು. ಕೆಲವರು ‘ಯಾಕೆ ತಡ, ಯಾಕೆ ತಡ’ ಎಂದು ಪೀಡಿಸಿದರು. ಆಗ ಸಹಾಯಕ್ಕೆ ಬಂದವನೇ ಎರಡು ವರ್ಷ ಒಳ್ಳೆಯವನಾಗಿದ್ದು ಬಾಗಿಲು ಕೊರೆದ.

ಮತ್ತೆ ಕಚೇರಿಗೆ ಹೋದೆ. ಉತ್ತರದಲ್ಲಿ ಏನಿದೆ ಎಂದು ಕೇಳಿದೆ. ನಗುತ್ತಾ ಓದಿ ಹೇಳಿದರು. ಅನುವಾದ ಮಾತ್ರ ಅಲ್ಲವಂತೆ, ಸರ್ವರನ್ನೂ ನಾನೇ ನೋಡಿಕೊಂಡರೆ ಉಪಕಾರವಂತೆ. “ಫ್ರೀ ಸಾಫ್ಟ್‌ವೇರ್ ಅಲ್ವಾ ಮಾಷೇ? ನಿಮ್ಮಂಥವರೇ ಮಾಡಬೇಕು. ರಾಜ್ಯೋತ್ಸವಕ್ಕೆ ಒಂದು ಶಾಲು ಹಾಕುವ.” ಫೋಟೊದ ಏಳು ಕೈಗೆ ಟಿಎ ಉಂಟು, ಡಿಎ ಉಂಟು. ಸರ್ವರು ಇಟ್ಟ ಕೋಣೆಗೆ ಕರೆಂಟು ಬಿಲ್ಲು ಉಂಟು. ಅದನ್ನು ನಡೆಸುವವನಿಗೆ ಶಾಲು.

ಶಾಲು ಬೇಡ ಸ್ವಾಮಿ. ಮನೆಯಲ್ಲಿ ಆರು ಬಿದ್ದಿವೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸಿನಲ್ಲಿ, ಅದೂ ಸ್ವತಂತ್ರ ತಂತ್ರಾಂಶವೇ. ಚಿತ್ರ ಮಾಡುವ ಜಿಂಪ್, ಇಂಕ್‌ಸ್ಕೇಪು ಅವರಿಗೆ ನೀರು ಕುಡಿದ ಹಾಗೆ. ಇದೇ ಜಿಲ್ಲೆಯ ಕನ್ನಡ ಮೀಡಿಯಂ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕೂರಿಸಿದರೂ ಆ ಮೂರು ಸಾಲು ತಿದ್ದುತ್ತಾಳೆ. ಯಾರೂ ಕೂರಿಸುವುದಿಲ್ಲ. ಕನ್ನಡದ ಗುಂಡಿ ಇಟ್ಟದ್ದು ಫೋಟೊಕ್ಕೆ. ಅದನ್ನು ಒತ್ತುವವರು ಇದ್ದಾರೆ, ಅವರಿಗೆ ಕೆಲಸ ಆಗಬೇಕು ಎಂದು ಒಬ್ಬರಾದರೂ ಒಂದು ಸಲ ಓದಿ ನೋಡಿದ್ದರೆ ಸಾಕಿತ್ತು. ಅಷ್ಟೂ ಮಾಡಲಿಲ್ಲ. ಈಗ ನಗಲಿಕ್ಕೂ ಮನಸ್ಸಾಗುವುದಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ಬೇಲಿಯ ಆಚೆಯಿಂದ ಕೇಳಿದರು. “ಮಾಷ್ಟ್ರೇ, ಅದು ಆರಿತಾ?”

“ಆರಿದೆ ಅಕ್ಕ. ಈಗ ಪೂರ್ತಿ ಬೆನ್ನು ತೋರಿಸಿ ಮಲಗಿದೆ.”