ಗಂಗೆಯಲ್ಲಿ ಸೀನಿದವರು ಯಾರು?

ಡಾಲ್ಫಿನ್ ಅಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರ ತಲೆಗೂ ಬರುವುದು ಒಂದೇ ಚಿತ್ರ. ನೀಲಿ ನೀರು, ಬಿಲ್ಲಿನ ಹಾಗೆ ಬಾಗಿ ಹಾರುವ ನುಣುಪು ಮೈ, ಸುತ್ತ ಚಪ್ಪಾಳೆ. ಅಂಥ ಆಟ ಆಡಿಸುವ ಕೊಳಗಳಿಗೆ ನಮ್ಮ ದೇಶದಲ್ಲಿ 2013ರಿಂದ ಅನುಮತಿಯೇ ಇಲ್ಲ, ಒಳ್ಳೆಯದೇ ಆಯ್ತು ಬಿಡಿ, ಆದರೆ ವಾಟ್ಸಾಪ್ ವಿಡಿಯೊಗಳನ್ನು ತಡೆಯುವವರು ಯಾರು? ಭಾವನಿಗೆ ಬಿಹಾರದ ಭಾಗಲ್ಪುರಕ್ಕೆ ವರ್ಗ ಆಗಿತ್ತು. "ಇಲ್ಲಿ ಗಂಗೇಲಿ ಡಾಲ್ಫಿನ್ ಇದೆ ಕಣೇ, ಎಲ್ಲಾ ಬನ್ನಿ" ಅಂತ ಅಕ್ಕ ಫೋನ್ ಮಾಡಿದ್ದೇ ತಡ, ನಮ್ಮವರು ಟಿಕೆಟ್‌ಗಿಂತ ಮೊದಲು ಗೆಳೆಯನ ಹತ್ತಿರ ಮೊಳದುದ್ದದ ಲೆನ್ಸ್ ಇಸಕೊಂಡು ಬಂದರು. ಅಮ್ಮನ ಕಿವಿಗೆ ಬಿದ್ದಿದ್ದು ಗಂಗೆ ಅನ್ನೋದಷ್ಟೇ. ತೀರ್ಥಕ್ಕೆ ಅಂತ ಖಾಲಿ ಬಾಟಲಿಗಳನ್ನು ತೊಳೆದು ಬೋರಲು ಹಾಕಿದಳು.

ಬೆಂಗಳೂರಿಂದ ಭಾಗಲ್ಪುರಕ್ಕೆ ನೇರ ರೈಲೇ ಇದೆ, ಅಂಗ ಎಕ್ಸ್‌ಪ್ರೆಸ್. ದುರ್ಯೋಧನ ಕರ್ಣನಿಗೆ ಕೊಟ್ಟ ಅಂಗರಾಜ್ಯ ಇದೇ ಸೀಮೆ. ಕೂತು ಕೂತು ಸೊಂಟ ಹಿಡಿದ ಮೇಲೆ, ಇಷ್ಟು ದೂರದ ರಾಜ್ಯವನ್ನು ದುರ್ಯೋಧನ ಯಾಕೆ ಅಷ್ಟು ಸಲೀಸಾಗಿ ಕೊಟ್ಟುಬಿಟ್ಟ ಅಂತ ನನಗೆ ಹೊಳೆಯಿತು.

ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ ಸುಮಾರು 60 ಕಿ.ಮೀ. ಗಂಗೆಯನ್ನು 1991ರಲ್ಲಿ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯ ಅಂತ ಘೋಷಿಸಿದ್ದಾರೆ. ಬಂಡೀಪುರದ ಹಾಗೆ ಗೇಟು, ಜೀಪು ಏನೂ ಇಲ್ಲ. ಎಮ್ಮೆ ಮೈ ತೊಳೆಯುವವರು, ಬಲೆ ಹಾಕುವವರು, ಬೈಕು ಸಮೇತ ದೋಣಿ ಹತ್ತಿ ಆಚೆ ದಡಕ್ಕೆ ಹೋಗುವವರು, ಎಲ್ಲರೂ ಅದೇ ನೀರಿನಲ್ಲಿ. ಡಾಲ್ಫಿನ್ ಕೂಡ.

ನಾವು ಹೋಗಿದ್ದು ಜನವರಿಯಲ್ಲಿ. ಬೆಳಿಗ್ಗೆ ಎಂಥ ಮಂಜು ಅಂದರೆ, ನಾಲ್ಕು ಕಿಲೋಮೀಟರ್‌ಗೂ ಜಾಸ್ತಿ ಉದ್ದದ ಸೇತುವೆಯೇ ಕಾಣುತ್ತಿರಲಿಲ್ಲ. ಅದರಲ್ಲಿ ಎರಡು ಮೀಟರ್ ಉದ್ದದ ಬೂದು ಪ್ರಾಣಿಯನ್ನು ಹುಡುಕಬೇಕು! ಬಿಸಿಲೇರುವ ತನಕ ಕಾದು ದೋಣಿ ಹತ್ತಿದೆವು. ಭಾವನ ತಲೆ ಮೇಲೆ ಬೂದು ಬಣ್ಣದ ಮಂಕಿ ಕ್ಯಾಪ್. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

"ಸೋಂಸ್! ಉಧರ್!" ಅಂತ ದೋಣಿಯವನು ಕೈ ತೋರಿಸಿದ. ಸೋಂಸ್ ಅಂದರೆ ಅಲ್ಲಿಯವರ ಬಾಯಲ್ಲಿ ಈ ಡಾಲ್ಫಿನ್. ಎಲ್ಲರೂ ಆ ಕಡೆ ತಿರುಗಿದೆವು. ನೀರು. "ಇಧರ್!" ಈ ಕಡೆ ತಿರುಗಿದೆವು. ಇಲ್ಲೂ ನೀರೇ. ಈ ಪ್ರಾಣಿ ಹಾರುವುದು ಕಮ್ಮಿ, ಆಡುವುದು ಇಲ್ಲವೇ ಇಲ್ಲ. ಉಸಿರಾಡಲು ಮೇಲೆ ಬರುತ್ತದೆ, ಉದ್ದ ಮೂತಿ, ಒಂಚೂರು ಬೆನ್ನು, ಅಷ್ಟೇ, ಮುಳುಗಿತು. ಮತ್ತೆ ಎದ್ದರೆ ಇನ್ನೆಲ್ಲೋ. ನಮ್ಮವರ ಲೆನ್ಸ್ ಟಿರ್ರ್ ಅಂತ ಹಿಂದೆ ಮುಂದೆ ಆಡಿ ಫೋಕಸ್ ಆಗುವಷ್ಟರಲ್ಲಿ ಅಲೆಯೂ ಅಡಗಿರುತ್ತಿತ್ತು. ಒಂದು ಸಲ ಅವರು ಗಿರ್ರನೆ ತಿರುಗಿದ ರಭಸಕ್ಕೆ ಲೆನ್ಸ್ ತಗುಲಿ ಭಾವನ ಟೋಪಿ ಗಂಗಾಪಾಲು. "ಅಯ್ಯೋ, ನನ್ನ ಟೋಪಿ!" ಅಂತ ಭಾವ ಕೂಗಿದ್ದು ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಮ್ಮವರ ಕಣ್ಣು ಕ್ಯಾಮೆರಾದೊಳಗೇ ಇತ್ತು.

ಆಮೇಲೆ ದೋಣಿಯವನೇ ಇಂಜಿನ್ ನಿಲ್ಲಿಸಿದ. ಸೋಂಸ್‌ಗೆ ಕಣ್ಣು ಇದ್ದೂ ಇಲ್ಲದ ಹಾಗೆ, ಒಳಗೆ ಮಸೂರವೇ ಇಲ್ಲ. ಆ ಕೆಸರು ನೀರಿನಲ್ಲಿ ಇದ್ದರೂ ಏನು ಉಪಯೋಗ ಹೇಳಿ. ತಾನೇ ಸದ್ದು ಮಾಡಿ, ಅದು ಬಡಿದು ವಾಪಸ್ ಬರುವುದನ್ನು ಕೇಳಿ ಮೀನು ಹಿಡಿಯುತ್ತದೆ. ನಮ್ಮ ಡೀಸೆಲ್ ಇಂಜಿನ್ನಿನ ಡುಗುಡುಗು ಅದಕ್ಕೆ ಎಂಥ ಹಿಂಸೆ ಇರಬೇಡ.

ನದಿ ಸುಮ್ಮನಾಯಿತು. ಅಮ್ಮ ಕಣ್ಣು ಮುಚ್ಚಿ "ಗಂಗೇಚ ಯಮುನೇಚೈವ" ಅನ್ನುತ್ತಿದ್ದಳು. ಅವಳ ಬೆನ್ನ ಹಿಂದೆಯೇ "ಫುಸ್ಸ್" ಅಂತ ಜೋರಾಗಿ ಸದ್ದಾಗಿ, ಕತ್ತಿನ ಮೇಲೆ ನಾಲ್ಕು ಹನಿ ಬಿತ್ತು. ಅಮ್ಮ ಕಣ್ಣು ಬಿಡದೆಯೇ, "ಅಳಿಯಂದ್ರೇ, ಚಳೀಲಿ ನಿಂತು ನೆಗಡಿ ಮಾಡ್ಕೊಂಡ್ರಿ ನೋಡಿ, ಬಿಸಿನೀರು ಕುಡೀರಿ" ಅಂದಳು. ಸೀನಿದವರು ಆಗಲೇ ನೀರಿನೊಳಗೆ ಹೋಗಿಯಾಗಿತ್ತು. ಅಳಿಯಂದಿರು ದೋಣಿಯ ಆ ಕಡೆ ಬ್ಯಾಟರಿ ಬದಲಿಸುತ್ತಿದ್ದರು.

ಹೊರಡೋಣ ಅಂದರೆ ಇಂಜಿನ್ ಸ್ಟಾರ್ಟ್ ಆಗಲಿಲ್ಲ. ದೋಣಿಯವನು ಹ್ಯಾಂಡಲ್ ತಿರುಗಿಸಿದ, ಭಾವ ತಿರುಗಿಸಿದರು, ನಮ್ಮವರೂ ಒಂದು ಕೈ ನೋಡಿದರು. ದೋಣಿ ತನ್ನ ಪಾಡಿಗೆ ಬಂಗಾಳದ ಕಡೆ ತೇಲುತ್ತಿತ್ತು. ಆಗ ಶುರುವಾಯಿತು ನೋಡಿ, ಎಡಗಡೆ ಫುಸ್ಸ್, ಬಲಗಡೆ ಫುಸ್ಸ್, ಒಂದು ತಾಯಿ, ಪಕ್ಕದಲ್ಲೇ ಮರಿ! ಬದಲಿಸಿದ ಬ್ಯಾಟರಿಯೂ ಅಷ್ಟೊತ್ತಿಗೆ ಮುಗಿದಿತ್ತು. 2025ರಲ್ಲಿ ಬಂದ ಗಣತಿ ಪ್ರಕಾರ ದೇಶದಲ್ಲಿ 6,327 ನದಿ ಡಾಲ್ಫಿನ್‌ಗಳಿವೆ, ಬಿಹಾರ ಒಂದರಲ್ಲೇ 2,220. ಎಣಿಸಿದವರು ಕಣ್ಣನ್ನಷ್ಟೇ ನಂಬದೆ ನೀರಿನೊಳಗೆ ಮೈಕ್ ಕೂಡ ಇಳಿಬಿಟ್ಟಿದ್ದರಂತೆ. ಜಾಣರು. ನನ್ನ ಕೇಳಿದರೆ ಇಲ್ಲಿಗೆ ಬರುವವರು ಲೆನ್ಸನ್ನು ಮನೆಯಲ್ಲೇ ಬಿಟ್ಟು ಬರೀ ಕಿವಿ ತಂದರೆ ಸಾಕು.

ಮೀನುಗಾರರ ದೋಣಿಯೊಂದು ಹಗ್ಗ ಕಟ್ಟಿ ನಮ್ಮನ್ನು ಘಾಟ್‌ಗೆ ಎಳೆದು ತಂದಿತು. ರಾತ್ರಿ ನಮ್ಮವರು ನೂರಾರು ನೀರಿನ ಫೋಟೊಗಳ ನಡುವೆ ಒಂದನ್ನು ಆರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಬೂದು ಬಣ್ಣದ ದುಂಡು ಬೆನ್ನು, ಸುತ್ತ ಅಲೆ, ಫೋಕಸ್ ಕೂಡ ಸರಿಯಾಗಿದೆ. "ನಮ್ಮ ಕಾರವಾರದ ಸಮುದ್ರದಲ್ಲಿ ಇದಕ್ಕಿಂತ ದೊಡ್ಡವು ಬರ್ತಾವೆ" ಅಂತ ಚಿಕ್ಕಪ್ಪ ಕೊಂಕು ತೆಗೆದರೂ ಉಳಿದವರೆಲ್ಲ ಹೆಬ್ಬೆರಳು ಎತ್ತಿದರು. ಭಾವ ಆ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ, ಅಕ್ಕ ಹೆಣೆದಿದ್ದ ಅಂಚನ್ನು ನನಗೆ ತೋರಿಸಿ, ಫೋನ್ ಜೇಬಿಗಿಟ್ಟುಕೊಂಡರು. ನಮ್ಮವರು ಈಗ ಅದನ್ನೇ ಡಿಪಿ ಮಾಡಿಕೊಂಡಿದ್ದಾರೆ. ನಾವಿಬ್ಬರೂ ಬಾಯಿ ಬಿಟ್ಟಿಲ್ಲ.