ವರ್ಗ ಅಂತ ಅಳೆದದ್ದು ಯಾವುದನ್ನು?

ಬಡವರಿಗೆ ಭಕ್ತಿ ಜಾಸ್ತಿ, ದುಡ್ಡಿದ್ದವರು ಬಲಪಂಥೀಯರು ಎಂದು ಒಂದೇ ಉಸಿರಲ್ಲಿ ಹೇಳಿಬಿಡುವವರನ್ನು ಕೇಳಬೇಕು: ವರ್ಗ ಅಂತ ಅಳೆದದ್ದು ಯಾವುದನ್ನು? ಆದಾಯ, ಆಸ್ತಿ, ಕೆಲಸ, ಓದು ನಾಲ್ಕೂ ಮನುಷ್ಯನನ್ನು ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಲ್ಫರ್ಡ್ 1960ರ ದಶಕದ ಆರಂಭದಲ್ಲಿ ಸರಳ ಲೆಕ್ಕವೊಂದನ್ನು ಕೊಟ್ಟ. ಮೈಮುರಿದು ದುಡಿಯುವವರಲ್ಲಿ ಶೇ. 70, ಉಳಿದವರಲ್ಲಿ ಶೇ. 30 ಮಂದಿ ಎಡಪಕ್ಷಕ್ಕೆ ಮತ ಹಾಕಿದ್ದರೆ, ಕಳೆದು ಬಂದ 40 ವರ್ಗಮತದ ಸೂಚ್ಯಂಕ; ಅಂಕ ಹೆಚ್ಚಿದಷ್ಟೂ ಮತ ವರ್ಗದ ಜಾಡು ಹಿಡಿದಿದೆ ಎಂದರ್ಥ. ಹಲವು ಸಮೀಕ್ಷೆಗಳಿಂದ ಅವನು ತೆಗೆದ ಸರಾಸರಿಯಲ್ಲಿ ಬ್ರಿಟನ್‌ಗೆ 40, ಅಮೆರಿಕಕ್ಕೆ 16 ಬಂದಿತ್ತು. ಎಡವಟ್ಟು ಇರುವುದು ‘ಉಳಿದವರು’ ಎಂಬ ಡಬ್ಬಿಯಲ್ಲಿ. ಮೇಷ್ಟ್ರೂ ಅಲ್ಲೇ, ಸಾಹುಕಾರನೂ ಅಲ್ಲೇ! ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಚುನಾವಣಾ ಸಮೀಕ್ಷೆಗಳನ್ನು ಜೋಡಿಸಿದ ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ 2018ರಲ್ಲಿ ತೋರಿಸಿದಂತೆ, 1950-60ರ ದಶಕಗಳಲ್ಲಿ ಕಡಿಮೆ ಓದಿದವರು ಎಡಕ್ಕಿದ್ದರು. ಈಗ ಎಡಕ್ಕಿರುವುದು ಹೆಚ್ಚು ಓದಿದವರು. ಆಸ್ತಿವಂತರ ಒಲವು ಮಾತ್ರ ಬಲಕ್ಕೇ ಉಳಿದಿದೆ.

ಧರ್ಮದ ವಿಷಯದಲ್ಲಿ ನನಗೆ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವಾದವೇ ಸರಿ ಅನ್ನಿಸುತ್ತದೆ. ನಂಬುತ್ತೀರೋ ಇಲ್ಲವೋ ಎನ್ನುವುದಕ್ಕಿಂತ, ದೇವರಿಂದ ಏನು ಬೇಕು ಎನ್ನುವುದು ವರ್ಗದ ಮೇಲೆ ನಿಂತಿದೆ. ಉಳ್ಳವನಿಗೆ ಈ ಸುಖ ತನಗೆ ಸಲ್ಲಬೇಕಾದ್ದೇ ಎಂಬ ಸಮಾಧಾನ ಬೇಕು. ಇಲ್ಲದವನಿಗೆ ಈ ಸ್ಥಿತಿ ತಿರುಗೀತು ಎಂಬ ಭರವಸೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದೇ ಕತ್ತರಿಸಿದ ಬೈಬಲ್ ನೋಡಿ. 1,189 ಅಧ್ಯಾಯಗಳಲ್ಲಿ ಉಳಿದದ್ದು 232. ಮೋಶೆ ಇಸ್ರಾಯೇಲ್ಯರನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿ ತಂದ ಕಥೆ ಮಾಯ; ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರಿಗೆ ಬರೆದ ಪತ್ರದ ವಚನ ಭದ್ರ. ಅತ್ತ ಅಮೆರಿಕದ ಗುಲಾಮರು ಹಾಡಿಕೊಂಡದ್ದು ಅದೇ ಮೋಶೆಯನ್ನು. ಕತ್ತರಿ ಹಿಡಿದವರಿಗೆ ಸಮಾಜಶಾಸ್ತ್ರ ಚೆನ್ನಾಗಿಯೇ ಗೊತ್ತಿತ್ತು, ಬಿಡಿ.

ಭಕ್ತಿಯನ್ನು ಅಳೆಯುವುದೂ ಸಲೀಸಲ್ಲ. ಪ್ರಾರ್ಥನಾ ಮಂದಿರಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದಷ್ಟೇ ಕೇಳಿದರೆ ಪಾಳಿಯಲ್ಲಿ ದುಡಿಯುವವನು ನಾಸ್ತಿಕನಂತೆ ಕಾಣುತ್ತಾನೆ, ಅವನಿಗಿಲ್ಲದ್ದು ರಜೆ. ಹಾಜರಿ, ಮನೆಯಲ್ಲಿನ ಪ್ರಾರ್ಥನೆ, ನಂಬಿಕೆ ಮೂರನ್ನೂ ಬೇರೆ ಬೇರೆ ಕೇಳಬೇಕು. ವಯಸ್ಸಿನ ಗುಂಪುಗಳ ಒಳಗೇ ಹೋಲಿಸಬೇಕು. ಹಿರಿಯರಲ್ಲಿ ಓದು ಕಡಿಮೆ, ಆಸ್ತಿಕತೆ ಜಾಸ್ತಿ ಇರುವ ಕಡೆ, ವಯಸ್ಸಿನ ಪರಿಣಾಮವೂ ಓದಿನ ಖಾತೆಗೇ ಜಮೆಯಾಗಿಬಿಡುತ್ತದೆ.

ರಾಜಕೀಯ ನಿಲುವಿಗೆ ಎರಡು ಅಳತೆಗೋಲು ಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಸಿಮೋರ್ ಮಾರ್ಟಿನ್ ಲಿಪ್ಸೆಟ್‌ನ 1959ರ ವಾದದಿಂದಲೇ ಹೊಳೆಯಬೇಕಿತ್ತು: ಹಣಕಾಸಿನ ಪ್ರಶ್ನೆಗಳಲ್ಲಿ ಎಡಕ್ಕಿರುವ ಕಾರ್ಮಿಕ, ನಡೆನುಡಿಯ ಸ್ವಾತಂತ್ರ್ಯದ ಪ್ರಶ್ನೆಗಳಲ್ಲಿ ಕಟ್ಟುನಿಟ್ಟಿನವನಾಗಿರಬಹುದು. ಓದಿದ ಸಿರಿವಂತ ಇದಕ್ಕೆ ತದ್ವಿರುದ್ಧ. ಈಗಲೂ ಎರಡನ್ನೂ ಕೂಡಿಸಿ ಒಂದೇ ಎಡ-ಬಲ ಅಂಕ ಕೊಡುವ ಸಮೀಕ್ಷೆಗಳಲ್ಲಿ, ಯಾವ ವಿಷಯಕ್ಕೂ ಒಮ್ಮತವಿಲ್ಲದ ಈ ಇಬ್ಬರೂ ‘ಮಧ್ಯಮಪಂಥೀಯ’ರಾಗಿ ಅಕ್ಕಪಕ್ಕ ಕೂತಿರುತ್ತಾರೆ.