ನೀರು ಬರಲಿಲ್ಲ, ನೋಟೀಸು ಬಂತು

ನವಲಗುಂದ ಕಡೆಯವರಿಗೆ ಜುಲೈ 21 ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಮಾತ್ರ ಪ್ರತಿ ವರ್ಷ ಹೇಳಬೇಕಾಗುತ್ತದೆ. ಈ ಸಲ ಪಕ್ಕದ ಸೀಟಿನ ಮಂಡ್ಯದ ಹುಡುಗ ಕೇಳಿದ, 'ನಿಮ್ಮ ಕಡೆ ಅದ್ಯಾವುದೋ ವೀರಗಲ್ಲಿಗೆ ಎಲ್ಲಾ ಪಾರ್ಟಿಯವರೂ ಬಂದು ಹಾರ ಹಾಕ್ತಾರಂತಲ್ಲ ಸಾರ್, ಯಾವ ರಾಜಂದು ಅದು?' ಅಂತ. ರಾಜಂದಲ್ಲಪ್ಪ, 1980ರ ಜುಲೈ 21ಕ್ಕೆ ಪೊಲೀಸರ ಗುಂಡಿಗೆ ಸತ್ತ ರೈತಂದು ಅಂದೆ. ಅಲ್ಲಿಂದ ಶುರುವಾದ ಮಾತು ಕಾಫಿ ಆರಿದರೂ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ನಮ್ಮ ಅಜ್ಜನ ಎರೆ ಹೊಲ, ಅಂದ್ರೆ ಕಪ್ಪು ಮಣ್ಣಿನ ಹೊಲ, ಮಲಪ್ರಭಾ ಕಾಲುವೆಯ ತುದಿಗೆ ಇತ್ತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಾಗ ಇಡೀ ಊರು ಕುಣಿದಿತ್ತಂತೆ. ಕಾಲುವೆ ತೋಡಿದರು, ಕಲ್ಲು ಹಾಸಿದರು, ನಮ್ಮ ಹೊಲದ ಬದುವಿನವರೆಗೂ ಗೆರೆ ಎಳೆದರು. ನೀರು ಮಾತ್ರ ಮೇಲಿನ ಊರುಗಳಲ್ಲೇ ಮುಗಿದುಹೋಗುತ್ತಿತ್ತು. ಹಾಗಿದ್ದಾಗ ಒಂದು ದಿನ ನೋಟೀಸು ಬಂತು. ನಿಮ್ಮ ಭೂಮಿ ನೀರಾವರಿಗೆ ಸೇರಿದೆ, ಅದರ ಬೆಲೆ ಏರಿದೆ, ಏರಿದ್ದರಲ್ಲಿ ಸರ್ಕಾರದ ಪಾಲು ಕಟ್ಟಿ ಅಂತ. ಇದಕ್ಕೆ ಬೆಟರ್‌ಮೆಂಟ್ ಲೆವಿ ಅಂತ ಹೆಸರು. ಇದರ ಮೇಲೆ ನೀರಿನ ಕರ ಬೇರೆ. ಅಜ್ಜ ಆ ಕಾಗದ ಹಿಡಿದುಕೊಂಡು ಹೋಗಿ ಕೇಳಿದ್ದು ಒಂದೇ ಮಾತು: 'ನೀರು ಬಂದಿಲ್ರಿ ಸಾಹೇಬ್ರ, ಕರ ಹೆಂಗ ಕೊಡೂದು?' ಸಾಹೇಬರು ನಕ್ಷೆ ತೋರಿಸಿದರಂತೆ. ನಕ್ಷೆಯಲ್ಲಿ ನೀರಿತ್ತು.

ನೀರು ಸಿಕ್ಕವರ ಪಾಡೂ ಅಷ್ಟೇನು ಚೆನ್ನಾಗಿರಲಿಲ್ಲ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಬೇಗ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದೆ ನೀರು ಹರಿಸಿದರೆ ಹೊಲ ಉಪ್ಪು ಹತ್ತಿ, ನೀರು ನಿಂತು ಸವಳು ಜವಳಾಗಿ ಕೂರುತ್ತದೆ. ಸಾಲ ಮಾಡಿ, ಗೊಬ್ಬರ ಔಷಧಿ ಸುರಿದು ವರಲಕ್ಷ್ಮಿ ಹತ್ತಿ ಬೆಳೆದವರಿಗೆ ದರ ಕುಸಿಯಿತು. ಧಾರವಾಡದಲ್ಲೇ ಹುಟ್ಟಿದ ತಳಿ ಅದು, ಬಂದ ಹೊಸತರಲ್ಲಿ ಮನೆ ಕಟ್ಟಿಸಿಕೊಟ್ಟಿತ್ತು, ಆಮೇಲೆ ಅದೇ ಮನೆಯ ಬಾಗಿಲಿಗೆ ಸಾಲ ಕೊಟ್ಟವರನ್ನು ತಂದು ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ವಸೂಲಿಗೆ ಬಂದರೆ ಯಾರು ಸುಮ್ನೆ ಇರ್ತಾರೆ ಹೇಳಿ.

ಆಗ ಬೆಂಗಳೂರಿನಲ್ಲಿ ಗುಂಡೂರಾವ್ ಸರ್ಕಾರ. ಜನ ವೋಟು ಹಾಕಿ ತಂದ ಸರ್ಕಾರ ಕೂಡ ಅಲ್ಲ ಅದು. 1980ರ ಜನವರಿಯಲ್ಲಿ ದಿಲ್ಲಿಯಲ್ಲಿ ಇಂದಿರಾ ಗಾಂಧಿ ಗೆದ್ದರು, ಇಲ್ಲಿ ದೇವರಾಜ ಅರಸರ ಶಾಸಕರು ಸಾಲಾಗಿ ಆ ಕಡೆ ಜಿಗಿದರು, ಅರಸರು ಇಳಿದರು, ಇವರು ಕೂತರು. ಮೇಲಿನವರ ಕೃಪೆಯಿಂದ ಕುರ್ಚಿ ಸಿಕ್ಕವರಿಗೆ ಕೆಳಗೆ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು? ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು, ಮನವಿ ಕೊಟ್ಟರು, ಮೆರವಣಿಗೆ ಮಾಡಿದರು, ತಹಶೀಲ್ದಾರ್ ಕಚೇರಿ ಮುಂದೆ ಕೂತರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

1980ರ ಜುಲೈ 21ಕ್ಕೆ ಬಂದ್ ಕರೆ ಕೊಟ್ಟಿದ್ದರು. ನರಗುಂದದಲ್ಲಿ ರೈತರು ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದರು. ಮಲಗಿದವರನ್ನು ತುಳಿದುಕೊಂಡೇ ಅಧಿಕಾರಿ ಒಳಗೆ ಹೋದರು ಅಂತ ಆ ಕಡೆ ಇವತ್ತಿಗೂ ಹೇಳುತ್ತಾರೆ. ಗುಂಡಿನ ಮಾತು ಬಂದರೆ ತಣ್ಣಗೆ ಹೇಳುವ ಮುದುಕರು ಈ ತುಳಿದ ಮಾತು ಬಂದರೆ ಈಗಲೂ ಕೆಂಪಾಗುತ್ತಾರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಪೊಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಸತ್ತರು. ಭಾಷಣಗಳಲ್ಲಿ ಇದನ್ನು ಹಾರಿಸಿಬಿಡುತ್ತಾರೆ. ನಾನು ಹಾರಿಸುವುದಿಲ್ಲ. ಸತ್ತ ಪೊಲೀಸರ ಮನೆಯಲ್ಲೂ ಹೆಂಡತಿ ಮಕ್ಕಳು ಇದ್ದರು, ಅವರಿಗೆ ಯಾವ ಊರಲ್ಲೂ ವೀರಗಲ್ಲಿಲ್ಲ.

ಮುಂದಿನ ದಿನಗಳದ್ದು ಅಜ್ಜಿ ಹೇಳಿದ ಕಥೆ. ಪೊಲೀಸರು ಊರೂರಿಗೆ ಬರುತ್ತಾರೆ ಅಂತ ಗಂಡಸರು ಮನೆಯಲ್ಲಿ ಮಲಗುತ್ತಿರಲಿಲ್ಲವಂತೆ. ಕತ್ತಲಾದ ಮೇಲೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು, ಬೆಳಕು ಹರಿದ ಮೇಲೆ ಬರೋದು. ಮಳೆಗಾಲ ಬೇರೆ, ಎರೆ ನೆಲ ಕಾಲಿಗೆ ಅಂಟುವ ಕಾಲ. ನಾಯಿ ಬೊಗಳಿದರೆ ಸಾಕು ಅಜ್ಜಿ ದೀಪ ಆರಿಸುತ್ತಿದ್ದಳಂತೆ.

ಸರ್ಕಾರ ಕೊನೆಗೆ ಲೆವಿ ವಸೂಲಿ ಕೈಬಿಟ್ಟಿತು. ಅಷ್ಟಕ್ಕೇ ಮುಗಿದಿದ್ದರೆ ಇದೊಂದು ತಾಲ್ಲೂಕಿನ ಗಲಾಟೆ ಆಗಿ ಹೋಗುತ್ತಿತ್ತು. ಆದರೆ ಸಿಟ್ಟು ಶಿವಮೊಗ್ಗಕ್ಕೆ ಹೋಯಿತು, ಮಂಡ್ಯಕ್ಕೆ ಹೋಯಿತು. ಅಲ್ಲಿ ಕಬ್ಬಿನವರ ಸಿಟ್ಟು ಮೊದಲೇ ಇತ್ತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಇಂಥವರು ಸೇರಿ ಅದೇ ವರ್ಷ ರಾಜ್ಯ ರೈತ ಸಂಘ ಕಟ್ಟಿದರು. ಹಸಿರು ಶಾಲು ಬಂದದ್ದು ಹೀಗೆ.

ನನಗೆ ಗುಂಡಿನ ಕಥೆಗಿಂತ ಮುಂದೆ ನಡೆದದ್ದು ಮುಖ್ಯ ಅನಿಸುತ್ತದೆ. ಹಳ್ಳಿಹಳ್ಳಿಯ ಅಗಸೆಯಲ್ಲಿ, ಅಂದ್ರೆ ಊರ ಬಾಗಿಲಲ್ಲಿ, ಬೋರ್ಡು ಬಿದ್ದವು. ರೈತರ ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. ಸಾಲ ಕಟ್ಟಿಲ್ಲ ಅಂತ ಜಪ್ತಿ ಮಾಡಿಕೊಂಡು ಹೋದ ಸಾಮಾನನ್ನು ಊರವರೆಲ್ಲ ಗುಂಪಾಗಿ ಹೋಗಿ ವಾಪಸ್ ಹೊತ್ತು ತಂದರು. ಅದಕ್ಕೆ ಮರುಜಪ್ತಿ ಅಂತ ಎಂಥಾ ಚಂದದ ಹೆಸರಿಟ್ಟರು ನೋಡಿ, ಕಚೇರಿಯ ಮಾತನ್ನೇ ಕಚೇರಿಗೆ ತಿರುಗಿಸಿದ್ದು. ಸರ್ಕಾರ ಅಂದ್ರೆ ನಮ್ಮ ಹಳ್ಳಿಗೆ ವಿಧಾನಸೌಧ ಅಲ್ಲ. ಬೈಕಿನಲ್ಲಿ ಬಂದು, ಕಟ್ಟೆ ಮೇಲೆ ಕಾಲಿಟ್ಟು, ಎಪ್ಪತ್ತು ವರ್ಷದ ಮುದುಕನನ್ನು ಏಕವಚನದಲ್ಲಿ ಕರೆಯುವ ವಸೂಲಿಯವನೇ ಸರ್ಕಾರ. ಅವನು ಅಗಸೆಯಲ್ಲಿ ನಿಂತು 'ಒಳಗ ಬರ್ಲೇನ್ರಿ?' ಅಂತ ಕೇಳಿದ ದಿನವೇ ಗುಂಡೂರಾವ್ ಸರ್ಕಾರ ಸೋತಾಗಿತ್ತು ಅಂತ ನನ್ನ ಲೆಕ್ಕ. 1983ರ ಜನವರಿಯ ಚುನಾವಣೆ ಅದಕ್ಕೆ ಸೀಲು ಹೊಡೆಯಿತು ಅಷ್ಟೇ. ಕಾಂಗ್ರೆಸ್ 82ಕ್ಕೆ ಇಳಿಯಿತು, ಜನತಾ ಮತ್ತು ಕ್ರಾಂತಿರಂಗ ಸೇರಿ 95 ಗೆದ್ದವು, ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಸೋತರು, ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದರು.

ಎಲ್ಲಾ ರೈತರೇ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. 1982ರ ಗೋಕಾಕ್ ಚಳವಳಿ ಇತ್ತು, ಊರೂರಿಗೆ ರಾಜ್‌ಕುಮಾರ್ ಬಂದರೆ ಜನಸಾಗರ. ಕ್ರಾಂತಿರಂಗದ ಬಂಗಾರಪ್ಪನವರ ಲೆಕ್ಕಾಚಾರ ಇತ್ತು. ಆದರೂ ಹೆದರಿಕೆ ಮೊದಲು ಬಿಟ್ಟದ್ದು ಮಲಪ್ರಭೆಯ ದಂಡೆಯಲ್ಲಿ.

ನನ್ನ ತಕರಾರು ಇರೋದು ಇಲ್ಲಿ. ಬಿತ್ತಿದವರು ಒಬ್ಬರು, ರಾಶಿ ಮಾಡಿಕೊಂಡವರು ಇನ್ನೊಬ್ಬರು. ಪಕ್ಷಗಳು ಎಲ್ಲಾ ಮುಗಿದ ಮೇಲೆ ಬಂದವು. ಆಮೇಲೆ ಆಳಿದ ಯಾವ ಪಕ್ಷವೂ ಕಾಲುವೆಯ ತುದಿಗೆ ನೆಟ್ಟಗೆ ನೀರು ಕೊಡಲಿಲ್ಲ, ಜುಲೈ 21ಕ್ಕೆ ಹಾರ ತರೋದನ್ನು ಮಾತ್ರ ಯಾರೂ ತಪ್ಪಿಸಲಿಲ್ಲ. 2015ರಲ್ಲಿ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಅಂತ ಅದೇ ನರಗುಂದದಲ್ಲಿ ಮತ್ತೆ ಟೆಂಟ್ ಬಿತ್ತು. 2016ರ ಜುಲೈ 27ಕ್ಕೆ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ನಮ್ಮ ವಿರುದ್ಧ ಬಂತು, ಜನ ಬೀದಿಗೆ ಬಂದರು, ಅದರ ಬೆನ್ನಲ್ಲೇ ಪೊಲೀಸರು ನವಲಗುಂದ ತಾಲ್ಲೂಕಿನ ಯಮನೂರಿಗೆ ನುಗ್ಗಿ ಮನೆಯೊಳಗಿದ್ದ ಹೆಂಗಸರು ಮುದುಕರು ಅನ್ನದೆ ಹೊಡೆದರು. ಬೆಣ್ಣಿಹಳ್ಳದ ನೀರಿನಲ್ಲಿ ದೀಪ ಹಚ್ಚುವ ಜಾತ್ರೆಯ ಊರು ಅದು. ಆ ವಿಡಿಯೋ ನೋಡಿ ಅಜ್ಜಿ ಟಿವಿ ಆರಿಸು ಅಂದಳು. ಮೂವತ್ತಾರು ವರ್ಷ ಆದರೂ ಅವಳ ಕೈ ದೀಪದ ಕಡೆಗೇ ಹೋಗಿತ್ತು.

ಇಲ್ಲಿ ಬೆಂಗಳೂರಿನಲ್ಲಿ ನಾನು ಕಣ್ಣಾರೆ ಕಂಡದ್ದು ದೇವನಹಳ್ಳಿಯ ರೈತರನ್ನು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿ, 1777 ಎಕರೆ, ಕೈಗಾರಿಕೆಗೆ ಅಂತ ನೋಟಿಫಿಕೇಶನ್. 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ವಿರೋಧ ಪಕ್ಷದಲ್ಲಿದ್ದಾಗ ಬೆಂಬಲ ಕೊಟ್ಟ ಸಿದ್ದರಾಮಯ್ಯನವರೇ ಮುಖ್ಯಮಂತ್ರಿ ಆದರು, ಅವರ ಪೊಲೀಸರೇ 2025ರ ಜೂನ್ 25ರಂದು ಅದೇ ರೈತರನ್ನು ಎಳೆದುಕೊಂಡು ಹೋದರು. ಮಾರನೇ ವಾರ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಒಬ್ಬ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಮಧ್ಯೆ ಮಧ್ಯೆ ಘೋಷಣೆಗೆ ಕೈ ಎತ್ತುತ್ತಿದ್ದರು. ಎಷ್ಟು ದಿನ ಕೂರ್ತೀರಮ್ಮ ಅಂದೆ. 'ರಾಗಿ ಕುಯ್ಲಿಗೆ ಒಬ್ಬೊಬ್ಬರೇ ಹೋಗ್ ಬತ್ತೀವಿ, ಇನ್ನೆಲ್ಲಾ ದಿನ ಇಲ್ಲೇ ಕಣಪ್ಪ' ಅಂದರು. ಜುಲೈ 15ಕ್ಕೆ ಸರ್ಕಾರ ಪೂರ್ತಿ ಭೂಸ್ವಾಧೀನ ಕೈಬಿಟ್ಟಿತು. 1198 ದಿನ. ಒಂದು ಕಲ್ಲು ಬೀಳಲಿಲ್ಲ, ಒಂದು ಗುಂಡು ಹಾರಲಿಲ್ಲ, ವೀರಗಲ್ಲು ನೆಡುವ ಪ್ರಸಂಗ ಬರಲಿಲ್ಲ. ಸರದಿ ಹಾಕಿಕೊಂಡು, ಅಡುಗೆಗೆ ಇಬ್ಬರು, ಟೆಂಟಿಗೆ ಹತ್ತು ಜನ, ಹೊಲಕ್ಕೆ ಉಳಿದವರು ಅಂತ ಹಂಚಿಕೊಂಡು ಕೂತರು. ನಾವು ಫೇಸ್‌ಬುಕ್ಕಿನಲ್ಲಿ ಎರಡು ದಿನ ಸಿಟ್ಟು ಮಾಡಿ ಮೂರನೇ ದಿನಕ್ಕೆ ಸುಸ್ತಾಗುತ್ತೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅಜ್ಜನ ನೋಟೀಸು ಇನ್ನೂ ಟ್ರಂಕಿನಲ್ಲಿದೆ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ, ಸೀಲು ಮಾತ್ರ ಕಾಣುತ್ತದೆ. ನರಗುಂದ, ನವಲಗುಂದ, ಸವದತ್ತಿ, ರೋಣ ಕಡೆಯವರು ನಿಮ್ಮ ಅಟ್ಟದ ಮೇಲೊಮ್ಮೆ ಹುಡುಕಿ. ಅಂಥ ಕಾಗದ ಸಿಕ್ಕರೆ ಫೋಟೋ ತೆಗೆದು ನನಗೊಂದು ಕಳಿಸಿ. ಮುಂದಿನ ಜುಲೈ 21ಕ್ಕೆ ಎಲ್ಲವನ್ನೂ ಪ್ರಿಂಟ್ ಹಾಕಿಸಿ ಆ ವೀರಗಲ್ಲಿನ ಪಕ್ಕ ದಾರ ಕಟ್ಟಿ ತೂಗುಹಾಕುವ ಯೋಚನೆ ಇದೆ, ಹಾರ ಹಿಡಿದು ಬರುವವರು ಅದನ್ನು ದಾಟಿಕೊಂಡೇ ಹೋಗಬೇಕಾಗುವ ಹಾಗೆ.